ಬೊಂತೆಯ ನಾಲ್ಕನೇ ಮೂಲೆ

೧೯೫೯ ನವೆಂಬರ್ ೩, ಮಂಗಳವಾರ

ಈ ಡೈರಿಯನ್ನು ಪುಟ್ಟರಾಜು ತಂದುಕೊಟ್ಟು ವರ್ಷವಾಗುತ್ತ ಬಂತು. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯವರು ಲಾರಿ ಡ್ರೈವರುಗಳಿಗೆಲ್ಲ ಹಂಚಿದ್ದಂತೆ. ಇಷ್ಟು ದಿನ ಉಪ್ಪಿನ ಮಡಕೆಗೆ ಮುಚ್ಚಳವಾಗಿತ್ತು. ಇವತ್ತು ಒರೆಸಿ ತೆಗೆದೆ. ಕೂಲಿಮಠದಲ್ಲಿ ಮರಳ ಮೇಲೆ ತಿದ್ದಿದ ಅಕ್ಷರ ನನ್ನದು, ಒತ್ತಕ್ಷರ ಬಂದಾಗ ಕೈ ನಡುಗುತ್ತದೆ. ಓದುವವರು ಯಾರೂ ಇಲ್ಲ, ಹಾಗಾಗಿ ನಾಚಿಕೆಯೂ ಇಲ್ಲ. ಬಾಯಲ್ಲಿ ಆಡಿದರೆ ಮನೆಯಲ್ಲಿ ಜಗಳ, ನುಂಗಿಕೊಂಡರೆ ಎದೆಯುರಿ. ಅದಕ್ಕೇ ಬರೆಯುವುದು.

ಹೋಟೆಲಿನವಳು ಬಸುರಿ. ಮಾಗಿ ಚಳಿಯಲ್ಲಿ ಹೆರಿಗೆ.

ಪುಟ್ಟರಾಜು ನನ್ನ ಮೊಮ್ಮಗ. ಅವನ ಅಪ್ಪ ಅವ್ವ ಇಬ್ಬರೂ ಒಂದೇ ಬೇಸಿಗೆಯ ಕಾಲರಾದಲ್ಲಿ ಹೋದ ಮೇಲೆ ನಾನೇ ಸಾಕಿದವಳು. ಲಾರಿ ಓಡಿಸುವುದಕ್ಕೆ ಹೋದವನು ಹಿರೀಸಾವೆಯ ರಸ್ತೆ ಪಕ್ಕದ ಹೋಟೆಲಿನಲ್ಲಿ ನಿಲ್ಲಿಸಿ ಕಾಫಿ ಕುಡಿದ, ಕುಡಿಯುತ್ತಲೇ ಇದ್ದ, ಕೊನೆಗೆ ಹೋದ ವರ್ಷ ಕಾಫಿ ಕೊಟ್ಟವಳನ್ನೇ ಕಟ್ಟಿಕೊಂಡು ಬಂದ. ಹೋಟೆಲಿನ ಮಾಯಮ್ಮ ಅವಳನ್ನು ಹೆತ್ತವಳೂ ಅಲ್ಲ. ಯಾರೋ ಬೆಂಚಿನ ಕೆಳಗೆ ಬಿಟ್ಟುಹೋದ ಕೂಸನ್ನು ಎತ್ತಿ ಸಾಕಿದವಳು. ಊರು ಗೊತ್ತಿಲ್ಲ, ಕುಲ ಗೊತ್ತಿಲ್ಲ, ಹೆತ್ತವಳ ಗುರುತಿಲ್ಲ.

ನಮ್ಮ ಒಕ್ಕಲಿನಲ್ಲಿ, ಅಂದರೆ ಒಂದೇ ದೇವರ ಪೆಟ್ಟಿಗೆಗೆ ಕೈಮುಗಿಯುವ ಬಳಗದಲ್ಲಿ, ನಾಲ್ಕು ಮನೆ. ಯಾವ ಮನೆಯಲ್ಲಿ ಚೊಚ್ಚಲ ಕೂಸು ಹುಟ್ಟಿದರೂ ಹೆಸರಿಡುವ ದಿನ ಒಕ್ಕಲು ಬೊಂತೆಯ ಮೇಲೆ ಮಲಗಿಸಬೇಕು. ಬೊಂತೆ ಎಂದರೆ ಏನು, ಹಳೆ ಬಟ್ಟೆಯ ಚೂರುಗಳನ್ನು ಒಂದರ ಮೇಲೊಂದು ಪೇರಿಸಿ ಹೊಲಿದ ದಪ್ಪ ಹೊದಿಕೆ. ಆದರೆ ಇದರ ನಾಲ್ಕು ಮೂಲೆಗೆ ನಾಲ್ಕು ಮನೆಯ ಬಟ್ಟೆ, ನಡುವಿಗೆ ತಾಯಿಯ ತವರಿನ ಬಟ್ಟೆ. ತಮ್ಮ ತಮ್ಮ ಮೂಲೆಯ ಮೇಲೆ ಹಿರಿಯರು ಅಕ್ಕಿ ಹಾಕಿದರೆ ಕೂಸು ಒಕ್ಕಲಿಗೆ ಸೇರಿತು. ಒಂದು ಮೂಲೆ ಬರಿದಾದರೂ ಇಲ್ಲ. ಆಮೇಲೆ ದೇವರ ಪೆಟ್ಟಿಗೆ ಮುಟ್ಟಿಸುವುದಿಲ್ಲ, ಹಬ್ಬಕ್ಕೆ ಕರೆಯುವುದಿಲ್ಲ, ನಾಳೆ ಹೆಣ್ಣು ಕೊಡುವುದಿಲ್ಲ.

ನಾಲ್ಕರಲ್ಲಿ ದೊಡ್ಡದು ಹಿರೀಮನೆ, ಅಲ್ಲಿಯ ದೇವಯ್ಯ ಇವತ್ತು ಹೇಳಿ ಕಳಿಸಿದ್ದಾನೆ, ತಮ್ಮ ಮನೆಯಿಂದ ಒಂದು ನೂಲಿನ ಎಳೆಯೂ ಬರುವುದಿಲ್ಲವಂತೆ. ಸರಿಯಾಗೇ ಹೇಳಿದ್ದಾನೆ.

ಬೊಂತೆ ಮಾತ್ರ ಹೊಲಿಯುತ್ತೇನೆ. ಚಳಿಗೆ ನಾಯಿಮರಿಗೂ ಗೋಣಿ ಹಾಸುತ್ತೇವೆ. ಅದಕ್ಕೂ ಒಕ್ಕಲಿಗೂ ಸಂಬಂಧವಿಲ್ಲ.

ನವೆಂಬರ್ ೯, ಸೋಮವಾರ

ಪೆಟ್ಟಿಗೆ ತೆಗೆದು ಚಿಂದಿಯೆಲ್ಲ ಹರವಿದೆ. ಸೊಂಟ ಮುರಿಯಿತು. ಗಂಡನ ಪಂಚೆ, ಮಗನ ಖಾಕಿ ಅಂಗಿ, ಮುರಿದ ಕೊಡೆಯ ಕರಿ ಬಟ್ಟೆ, ಇಲಿ ಕಚ್ಚಿದ ಕಂಬಳಿ, ಎತ್ತಿನ ಕೊರಳ ಪಟ್ಟಿಯಿಂದ ಉದುರಿದ ಕವಡೆ. ಲಾರಿಯ ಟಾರ್ಪಾಲಿನ ತುಂಡನ್ನೂ ಪುಟ್ಟರಾಜು ಎಸೆದುಹೋಗಿದ್ದ. ಕೂಸು ಉಚ್ಚೆ ಹುಯ್ದರೆ ಕೆಳಗಿಳಿಯದು ಎಂದು ಅದನ್ನು ತಳಕ್ಕಿಟ್ಟೆ.

ಹೋಟೆಲಿನವಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಪೆಟ್ಟಿಗೆಯ ತಳದಲ್ಲಿದ್ದ ನನ್ನ ಧಾರೆ ಸೀರೆಗೆ ಕೈ ಹಾಕಿದಳು. ಕೆಂಪು ಮೈ, ಹಸಿರು ಅಂಚು, ಇನ್ನೂ ಬಣ್ಣ ಬಿಟ್ಟಿಲ್ಲ. ಕೈ ಮೇಲೆ ಒಂದು ಬಿಟ್ಟೆ. ನನ್ನನ್ನು ಮಣ್ಣಿಗೆ ಇಳಿಸುವಾಗ ಉಡಿಸಲು ಇಟ್ಟಿರುವ ಸೀರೆ ಅದು, ಅಲ್ಲಿಯವರೆಗೆ ಯಾರೂ ಮುಟ್ಟಕೂಡದು ಎಂದು ಹೇಳಿದೆ. ಕೈ ಉಜ್ಜಿಕೊಂಡಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಹೋಟೆಲಿನಲ್ಲಿ ಬೆಳೆದ ಚರ್ಮ.

ನವೆಂಬರ್ ೨೬, ಗುರುವಾರ

ರಾಗಿ ಕೊಯ್ಲು. ಬರೆಯಲು ಕೈ ಎತ್ತಲಾಗುವುದಿಲ್ಲ. ಕಣ್ಣಿನಲ್ಲಿ ಹೊಗೆ ಕವಿದ ಹಾಗೆ. ಸೂಜಿಗೆ ದಾರ ಪೋಣಿಸಲು ಆ ಹುಡುಗಿಯನ್ನೇ ಕರೆಯಬೇಕು. ಒಂದೇ ಸಲಕ್ಕೆ ಪೋಣಿಸುತ್ತಾಳೆ. ಎಡಗೈ.

ಸಣ್ಣಯ್ಯನ ಮನೆಯವರು ಹಳೆ ಟವೆಲು ಕೊಟ್ಟರು. ಬೈರಯ್ಯನ ಹೆಂಡತಿ ಕುಪ್ಪಸದ ಬೆನ್ನು ಕೊಟ್ಟಳು, ಕೊಡುವಾಗ ಮುಖವನ್ನು ಹುಣಸೆಹಣ್ಣಿನಂತೆ ಮಾಡಿದಳು. ನಮ್ಮ ಮನೆಯದು ಗಂಡನ ಪಂಚೆ. ಮೂರು ಮೂಲೆ ಆಯಿತು. ಹೇಗೂ ಹೊಲಿಯುತ್ತಿದ್ದೇನಲ್ಲ, ಮೂಲೆ ಬರಿದಾಗಿ ಇದ್ದರೆ ನೋಡಲು ಚೆನ್ನಾಗಿರುವುದಿಲ್ಲ ಎಂದು ಕೇಳಿದ್ದು, ಬೇರೆ ಏನಲ್ಲ. ನಾಲ್ಕನೇ ಮೂಲೆಗೆ ಸದ್ಯಕ್ಕೆ ಗೋಣಿ ತುಂಡು ಹಚ್ಚಿದ್ದೇನೆ.

ಡಿಸೆಂಬರ್ ೫, ಶನಿವಾರ

ರಾಗಿ ಅಳೆಯುವ ಸೇರು ಕೇಳುವ ನೆವದಲ್ಲಿ ಹಿರೀಮನೆಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಸೇರು ಇದೆ. ದೇವಯ್ಯ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ನನಗಿಂತ ಚಿಕ್ಕವನು, ನಾನು ಮದುವೆಯಾಗಿ ಬಂದಾಗ ಅಂಬೆಗಾಲು ಬಿಟ್ಟು ಆಗ ತಾನೇ ನಿಲ್ಲುತ್ತಿದ್ದ. ಇವನ ಮೂಗು ಒರೆಸಿದ ಸೆರಗು ನನ್ನದು. ಈಗ ಒಕ್ಕಲಿಗೇ ಯಜಮಾನ.

ಮಾತು ಸೇರಿನಿಂದ ಬೊಂತೆಗೆ ಬಂತು. ಒಂದು ಹರಕು ಸಾಕು ಎಂದೆ. ಅವನು ಕಾಳನ್ನು ಮೊರಕ್ಕೆ ಹಾಕುತ್ತ ಹೇಳಿದ:

“ದ್ಯಾವ್ರ ಮುಂದೆ ನಿಂತ್ಕಂಡು ಯಾವ ಮನೆ ಮೊಮ್ಮಗ ಅಂತ ಏಳ್ಲಿ ಅತ್ಗೆ? ಹಿರೀಸಾವೆ ಬೆಂಚಿನ್ ಮೊಮ್ಮಗ ಅನ್ಲಾ?”

“ಬೆಂಚಾದ್ರೂ ನಾಕ್ ಕಾಲ್ ಮ್ಯಾಲೆ ಭದ್ರವಾಗಿ ನಿಂತದೆ ಕಣಪ್ಪ. ನಿನ್ ಮನೆ ಮಂಚ ಅಂಗಿಲ್ಲ” ಎಂದೆ.

ಅವನ ಹೆಂಡತಿ ಜಯಲಕ್ಷ್ಮಮ್ಮ ಒಳಗೆ ನಕ್ಕಳು, ಆಮೇಲೆ ಕೆಮ್ಮಿದಳು. ಸೇರು ತಂದು ಕೈಗೆ ಕೊಟ್ಟಳು, ಬೇಡದ ಸೇರನ್ನು ಹೊತ್ತುಕೊಂಡು ಬಂದೆ.

ಯಾಕೆ ಹಾಗೆಂದೆನೋ. ದೇವಯ್ಯ ಹೇಳಿದ್ದು ಸರಿಯೇ. ಹೇಳಿದ ರೀತಿ ಸರಿಯಿರಲಿಲ್ಲ, ಅಷ್ಟೇ.

ಡಿಸೆಂಬರ್ ೧೩, ಭಾನುವಾರ

ಜ್ವರ. ಗಂಜಿ.

ಡಿಸೆಂಬರ್ ೧೭, ಗುರುವಾರ

ಇವತ್ತು ಎದ್ದು ಕೂತೆ. ಕೂತದ್ದೇ ತಪ್ಪಾಯಿತು. ನಾನು ಮಲಗಿದ್ದಾಗ ಆ ಹುಡುಗಿ ಬೊಂತೆ ತೆಗೆದುಕೊಂಡು ಹೊಲಿದಿದ್ದಾಳೆ. ಅಜ್ಜಿಗೆ ಸಹಾಯವಾಗಲಿ ಎಂದು.

ಬೊಂತೆಯ ಹೊಲಿಗೆ ಅಂಚಿನಿಂದ ಶುರುವಾಗಿ ಬಲಕ್ಕೆ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಎಡಸುತ್ತು ಹೊಲಿಯುವುದು ಸತ್ತವರಿಗೆ. ಹಿರಿಯರು ತೀರಿಕೊಂಡಾಗ ಗುಂಡಿಯಲ್ಲಿ ಹಾಸುವ ಬೊಂತೆ ಮಾತ್ರ ಎಡಸುತ್ತು. ಇವಳದು ಎಡಗೈ, ಸಾಲುಗಳೆಲ್ಲ ಎಡಕ್ಕೇ ಓಡಿವೆ. ನನ್ನ ಸಾಲುಗಳು ಅತ್ತ, ಇವಳವು ಇತ್ತ, ಎರಡೂ ಎದುರು ಬದುರಾಗಿ ನಿಂತಿವೆ. ಹುಟ್ಟುವ ಕೂಸಿಗೆ ಹೆಣದ ಹೊಲಿಗೆ.

ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವ ಎನ್ನುವವಳು ಒಬ್ಬಳಿದ್ದಿದ್ದರೆ ಹೇಳಿಕೊಡುತ್ತಿದ್ದಳು ಎಂತಲೂ ಅಂದೆ. ಬಿಚ್ಚಿಬಿಡು ಎಂದು ಎಸೆದೆ. ಅವಳು ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿ ಕೂತು ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ಹತ್ತಿರ ಹಿಡಿದು ನೋಡಿದೆ. ಎಷ್ಟು ಸಣ್ಣ ಹೊಲಿಗೆ. ಎರಡು ಹೊಲಿಗೆಯ ನಡುವೆ ಒಂದು ರಾಗಿ ಕಾಳೂ ಹಿಡಿಯದು.

ಸಾಕು ಬಿಡು ಎಂದು ಕಿತ್ತುಕೊಂಡೆ. ಬಿಚ್ಚಿದ ದಾರ ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ಹೊಸ ಉಂಡೆ ತರಲು ಹೊಳೆನರಸೀಪುರದ ಸಂತೆಗೇ ಹೋಗಬೇಕು. ಅದಕ್ಕೇ ಬಿಟ್ಟದ್ದು.

ಡಿಸೆಂಬರ್ ೨೭, ಭಾನುವಾರ

ಮಧ್ಯಾಹ್ನ ಬಿಸಿಲಿಗೆ ಕೂತು ಇಬ್ಬರೂ ಹೊಲಿದೆವು. ನಾನು ಬಲದಿಂದ, ಅವಳು ಅವಳ ಕಡೆಯಿಂದ. ನನ್ನ ಕಡೆಗೆ ತಿರುಗಿಸಿಕೊಂಡು ಹೊಲಿ ಎಂದರೆ ಕೈ ಬಗ್ಗುವುದಿಲ್ಲ ಎನ್ನುತ್ತಾಳೆ.

ನಮ್ಮ ಒಕ್ಕಲು ಮೊದಲು ಎಲ್ಲಿತ್ತು ಎಂದು ಕೇಳಿದಳು. ಪ್ರತಿ ವರ್ಷ ದೇವರ ಪೆಟ್ಟಿಗೆ ತೆಗೆದಾಗ ದೇವಯ್ಯ ಹೇಳುವುದನ್ನೇ ಹೇಳಿದೆ. ಮೂಲದವ್ವ ಎನ್ನುವವಳೊಬ್ಬಳು ತಲೆಯ ಮೇಲೆ ಕುಕ್ಕೆಯಲ್ಲಿ ದೇವರನ್ನು ಹೊತ್ತುಕೊಂಡು, ಸೊಂಟದಲ್ಲಿ ಕೂಸನ್ನು ಇಟ್ಟುಕೊಂಡು, ಹೊಳೆ ದಾಟಿ ಬಂದಳು. ಎಲ್ಲಿಂದ ಬಂದಳೋ, ಯಾರ ಮಗಳೋ ಯಾರಿಗೂ ತಿಳಿಯದು. ಕಾಲು ಸೋತಲ್ಲಿ ಕುಕ್ಕೆ ಇಳಿಸಿದಳು. ಇಳಿಸಿದ್ದೇ ಊರಾಯಿತು, ಸೊಂಟದ ಕೂಸೇ ಒಕ್ಕಲಾಯಿತು.

ಅವಳು ದಾರ ಕಚ್ಚಿ ತುಂಡರಿಸಿ ಕೇಳಿದಳು: “ಅಂಗಾರೆ ಆವಮ್ಮನ್ ಊರೂ ಯಾರ್ಗೂ ಗೊತ್ತಿಲ್ವಾ ಅಜ್ಜಿ?”

ದೇವರ ಮಾತನ್ನು ಮನುಷ್ಯರ ಮಾತಿಗೆ ಹೋಲಿಸಬೇಡ ಎಂದು ಗದರಿದೆ. ಗದರಿದ ಮೇಲೆ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಇಷ್ಟು ವರ್ಷ ಆ ಕಥೆಯನ್ನು ಕೈಮುಗಿದುಕೊಂಡು ಕೇಳಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

೧೯೬೦ ಜನವರಿ ೪, ಸೋಮವಾರ

ಡೈರಿ ಮುಗಿಯಿತು. ಹೋದ ಜನವರಿಯ ಹಾಳೆಗಳು ಖಾಲಿ ಇದ್ದವು, ಅವುಗಳಲ್ಲೇ ಬರೆಯುತ್ತಿದ್ದೇನೆ. ಅಚ್ಚಾದ ವಾರ ತಪ್ಪು, ಹೊಡೆದುಹಾಕಿದ್ದೇನೆ.

ಚಿಕ್ಕಂದಿನಿಂದ ಬೀಳುವ ಅದೇ ಕನಸು ಮತ್ತೆ ಬಿತ್ತು. ಹೊಳೆ ದಂಡೆ. ಒಬ್ಬಳು ಹೆಂಗಸು ಅತ್ತ ತಿರುಗಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ಬೆಳಗುತ್ತಾಳೆ. ಅವ್ವ ಎಂದು ಕೂಗುತ್ತೇನೆ, ತಿರುಗುವುದಿಲ್ಲ. ನಾನು ರುದ್ರಪಟ್ಟಣದ ಕಡೆಯವಳು. ಅವ್ವ ಸತ್ತ ಮಾರನೇ ವರ್ಷ ನನ್ನನ್ನು ಇಲ್ಲಿಗೆ ಕೊಟ್ಟರು, ಇನ್ನೂ ಹಲ್ಲು ಬಿದ್ದು ಹುಟ್ಟುವ ವಯಸ್ಸು. ಅವ್ವನ ಮುಖ ನೆನಪಿಲ್ಲ. ಬೆನ್ನು ನೆನಪಿದೆ. ತವರಿನಿಂದ ಒಂದು ಸೀರೆಯನ್ನೂ ಕಳಿಸಿರಲಿಲ್ಲ. ಚಿಕ್ಕವ್ವ ಬಂದ ಮನೆಯಲ್ಲಿ ಯಾರು ಕಳಿಸುತ್ತಾರೆ. ಗಾಡಿಯಿಂದ ಇಳಿದಾಗ ಮೈಮೇಲೆ ಹರಕು ಲಂಗ. ಹಿರೀಮನೆಯ ದೊಡ್ಡವ್ವ, ದೇವಯ್ಯನ ತಾಯಿ, ತನ್ನ ಸೀರೆಯನ್ನೇ ಬಿಚ್ಚಿ ಮಡಿಸಿ ಸುತ್ತಿ ಧಾರೆಗೆ ಕೂರಿಸಿದಳು.

ಬೆಳಿಗ್ಗೆ ಕೊಡೆಯ ಕರಿ ಬಟ್ಟೆಯಲ್ಲಿ ಕೂತ ಹೆಂಗಸಿನ ಬೆನ್ನನ್ನು ಕತ್ತರಿಸಿ ಬೊಂತೆಯ ಮೇಲೆ ಇಟ್ಟು ಹೊಲಿದೆ. ತುರುಬಿಗೆ ಕವಡೆ. ಆ ಹುಡುಗಿ, ಮಲ್ಲಿಗಮ್ಮ, ಅದು ಯಾರು ಎಂದು ಕೇಳಿದಳು. ಯಾರೂ ಅಲ್ಲ, ತೂತು ಮುಚ್ಚಿದ್ದು ಎಂದೆ. ಬಿಡಲಿಲ್ಲ ಅವಳು. ಕೊನೆಗೆ ಕನಸು ಹೇಳಿದೆ.

ಒಂದು ಸಾಲು ಹೊಲಿದು ಮುಗಿಸಿದಳು. ಆಮೇಲೆ, “ನಿನ್ಗೆ ಬೆನ್ನಾದ್ರೂ ಸಿಕ್ತಲ್ಲಜ್ಜಿ” ಎಂದಳು. ತಲೆ ಎತ್ತಲಿಲ್ಲ.

ನಾನು ಎದ್ದು ಹೋಗಿ ಅವಳಿಗೆ ಹಾಲು ಕಾಯಿಸಿದೆ. ಹಸು ಇವತ್ತು ಸ್ವಲ್ಪ ಹೆಚ್ಚೇ ಕರೆದಿತ್ತು.

ಜನವರಿ ೧೭, ಭಾನುವಾರ

ಸಂಕ್ರಾಂತಿಯ ಎಳ್ಳು ಹಿಡಿದುಕೊಂಡು ಹಿರೀಸಾವೆಯಿಂದ ಮಾಯಮ್ಮ ಬಂದಳು. ಇಷ್ಟು ದಿನ ನಾನೇ ಬರಗೊಟ್ಟಿರಲಿಲ್ಲ. ಈಗ ಬಾ ಎಂದು ಮೊಮ್ಮಗನ ಕೈಲಿ ಹೇಳಿ ಕಳಿಸಿದವಳೂ ನಾನೇ. ಹೆರಿಗೆ ಹತ್ತಿರವಾಯಿತು, ನನ್ನ ಕಣ್ಣು ನಂಬುವ ಹಾಗಿಲ್ಲ, ಒಬ್ಬ ಹೆಂಗಸು ಬೇಕಿತ್ತು.

ದಪ್ಪ ಹೆಂಗಸು, ಬಂದವಳೇ ಒಲೆ ಮುಂದೆ ಕೂತಳು. ನನ್ನ ಕಾಫಿ ಕುಡಿದಳು, ಆಮೇಲೆ ತಾನೇ ಎದ್ದು ಬೇರೆ ಮಾಡಿಕೊಂಡಳು. ಇದನ್ನು ಮರೆಯುವುದಿಲ್ಲ.

ನಡುವಿಗೆ ತವರಿನ ಬಟ್ಟೆ ಬೇಕು, ಹೆತ್ತಾಗ ಉಟ್ಟಿದ್ದ ಸೀರೆ ಇಡುವುದು ರೂಢಿ ಎಂದು ಹೇಳಿದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಗಂಟು ಬಿಚ್ಚಿ ಒಂದು ಬಟ್ಟೆ ತೆಗೆದಳು. ಹೊಗೆಯಿಂದ ಬಣ್ಣವೇ ತಿಳಿಯದಷ್ಟು ಕಪ್ಪಾದ ಸೀರೆಯ ತುಂಡು, ಎಣ್ಣೆ ಜಿಡ್ಡು, ಒಗ್ಗರಣೆ ವಾಸನೆ.

“ಹೆತ್ತಿದ್ ಸೀರೆ ಎಲ್ಲಿಂದ ತರ್ಲಿ ಮುದ್ದಮ್ನೋರೇ. ಇದು ಒಲೆ ಮ್ಯಾಲಿನ್ ತೊಲೆಗೆ ಜೋಲಿ ಕಟ್ಟಿದ್ ಸೀರೆ. ಒಂದ್ ಕೈಲಿ ದ್ವಾಸೆ ಮಗುಚ್ತಿದ್ದೆ, ಒಂದ್ ಕೈಲಿ ಇದ್ನ ತೂಗ್ತಿದ್ದೆ. ಆಗ್ತದಾ ನೋಡಿ, ಇಲ್ದಿದ್ರೆ ವಾಪಸ್ ಕೊಡಿ.”

ತೊಳೆದರೆ ಹರಿದುಹೋಗುತ್ತದೆ ಎಂದು ಹಾಗೇ ನಡುವಿಗಿಟ್ಟು ಹೊಲಿದೆವು. ಮಲ್ಲಿಗಮ್ಮ ಅದರ ಮೇಲೆ ಮುಖವಿಟ್ಟು ಮೂಸಿದಳು. ಆಗ ಅತ್ತಳು.

ಜನವರಿ ೨೨, ಶುಕ್ರವಾರ

ಗಂಡು. ಬೆಳಗಿನ ಜಾವ. ಇಬ್ಬರೂ ಉಳಿದಿದ್ದಾರೆ. ಮಾಯಮ್ಮನ ಕೈ ಗಟ್ಟಿ. ನನ್ನ ಮೈಯಲ್ಲಿ ಮೂಳೆಯೇ ಇಲ್ಲದ ಹಾಗಿದೆ.

ಜನವರಿ ೩೧, ಭಾನುವಾರ

ನಾಳೆ ಹೆಸರಿಡುವುದು. ಸಣ್ಣಯ್ಯ, ಬೈರಯ್ಯ ಬರುತ್ತಾರಂತೆ. ದೇವಯ್ಯನೂ ಬರುತ್ತಾನಂತೆ, ಆದರೆ ಅಕ್ಕಿ ಹಾಕುವುದಕ್ಕಲ್ಲ, ಮೂಲೆ ಬರಿದಿದೆ ಎಂದು ನಾಲ್ಕು ಜನರ ಮುಂದೆ ತೋರಿಸುವುದಕ್ಕೆ. ಜಯಲಕ್ಷ್ಮಮ್ಮ ಬಾವಿ ಕಟ್ಟೆಯಲ್ಲಿ ಹೇಳಿದಳು. ಗಂಡನಿಗೆ ತಿಳಿಯದ ಹಾಗೆ ಒಂದು ರವಿಕೆ ಕೊಡಲೇ ಎಂದೂ ಕೇಳಿದಳು. ಬೇಡ ಎಂದೆ. ಕದ್ದ ಬಟ್ಟೆಯ ಮೇಲೆ ಕೂಸನ್ನು ಮಲಗಿಸುವುದಿಲ್ಲ.

ಸಾಯಂಕಾಲ ಗೋಣಿ ಮೂಲೆಯನ್ನು ನೋಡುತ್ತ ಕೂತಿದ್ದೆ. ಹಿರೀಮನೆಯ ಬಟ್ಟೆ, ಹಿರೀಮನೆಯ ಬಟ್ಟೆ ಎಂದು ಊರೆಲ್ಲ ಅಲೆದೆನಲ್ಲ, ಅದು ನನ್ನ ಪೆಟ್ಟಿಗೆಯಲ್ಲೇ ಇದೆ. ನನ್ನ ಧಾರೆ ಸೀರೆ ನನ್ನ ತವರಿನದಲ್ಲ. ದೊಡ್ಡವ್ವನದು. ಅವಳು ಇರುವವರೆಗೂ ಹಬ್ಬಕ್ಕೆ ನನಗೆ ಅದನ್ನೇ ಉಡಿಸಿ, ಇದು ನನ್ನ ಸೀರೆ ಎಂದು ದೇವಯ್ಯನಿಗೆ ತೋರಿಸಿ ನಗುತ್ತಿದ್ದಳು.

ಕತ್ತರಿ ತಂದೆ. ಮಲ್ಲಿಗಮ್ಮ ಬಾಣಂತಿ ಕೋಣೆಯಿಂದಲೇ ನೋಡಿ ಎದ್ದು ಬಂದು ಕೈ ಹಿಡಿದಳು.

“ಬ್ಯಾಡಜ್ಜಿ. ಅದು ನಿನ್ ಕೊನೆ ಸೀರೆ.”

“ಮಣ್ಣೊಳ್ಗೆ ಯಾರ್ ನೋಡ್ತಾರೆ ಬುಡು. ಓಗು, ಮಲೀಕೋ, ಶೀತ ಆಯ್ತದೆ.”

ಹಸಿರು ಅಂಚು ಸೇರಿದಂತೆ ಸೆರಗನ್ನು ಕತ್ತರಿಸಿದೆ. ಸದ್ದು ಜೋರಾಗಿ ಕೇಳಿತು. ದೊಡ್ಡವ್ವ ಹೋದ ಮೇಲೆ ಇಷ್ಟು ವರ್ಷ ಮಡಿಕೆ ಬಿಚ್ಚದ ಸೀರೆ, ಮಡಿಕೆಗಳಲ್ಲೇ ಸೀಳಿತ್ತು. ಹೇಗೂ ನನಗೆ ಉಡಿಸುವಾಗ ಹರಿದುಹೋಗುತ್ತಿತ್ತು. ಅದಕ್ಕೇ ಕತ್ತರಿಸಿದ್ದು. ಕಣ್ಣು ಕಾಣದೆ ಹೊಲಿಗೆ ಸೊಟ್ಟ ಬಂತು, ಇರಲಿ.

ಫೆಬ್ರವರಿ ೧, ಸೋಮವಾರ

ದೇವಯ್ಯ ಬಾಗಿಲಲ್ಲೇ ನಿಂತ. ಕೂರು ಎಂದರೆ ಕೂರಲಿಲ್ಲ. ಮಾಯಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ. ನಡುಮನೆಯಲ್ಲಿ ಬೊಂತೆ ಹರವಿದೆ. ಸಣ್ಣಯ್ಯ ಅಕ್ಕಿ ಹಾಕಿದ, ಬೈರಯ್ಯ ಹಾಕಿದ, ನಮ್ಮ ಮೂಲೆಗೆ ನಾನು ಹಾಕಿದೆ. ಹೊಗೆ ಹಿಡಿದ ಜೋಲಿಯ ಮೇಲೆ ಕೂಸು ಮಲಗಿತ್ತು. ಎಲ್ಲರೂ ದೇವಯ್ಯನ ಕಡೆ ನೋಡಿದರು.

ಅವನು ಬಾಯಿ ತೆರೆದ. ಮೂಲೆ ನೋಡಿದ. ಹತ್ತಿರ ಬಂದು ಬಗ್ಗಿ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸವರಿದ.

“ಇದು ನಮ್ಮವ್ವನ್ ಸೀರೆ.”

“ನಿಮ್ಮವ್ವಂದೇ. ನಾನ್ ಬಂದಾಗ ನಂಗೂ ತವರಿನ್ ಬಟ್ಟೆ ಇರ್ನಿಲ್ಲ ಕಣ್ಲಾ ದೇವಯ್ಯ. ನಿಮ್ಮವ್ವ ಯಾರ್ ಮಗಳು ಅಂತ ಕೇಳ್ನಿಲ್ಲ. ಚಳಿ ಆಯ್ತದಾ ಮಗಾ ಅಂತ ಕೇಳಿದ್ಲು.”

ಅವನು ಅಂಚು ಬಿಟ್ಟು ಎದ್ದು ಹೊರಗೆ ಹೋದ. ಮನೆಗೇ ಹೋದ ಎಂದುಕೊಂಡೆವು. ಪುಟ್ಟರಾಜು ತಲೆ ತಗ್ಗಿಸಿದ. ಮಲ್ಲಿಗಮ್ಮ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಆಗ ಅಂಗಳದಲ್ಲಿ ಚೊಂಬಿನಿಂದ ನೀರು ಸುರಿಯುವ ಸದ್ದು ಕೇಳಿತು. ಅಕ್ಕಿ ಹಾಕುವವರು ಕಾಲು ತೊಳೆದುಕೊಂಡೇ ಬರಬೇಕು.

ಒದ್ದೆ ಹೆಜ್ಜೆ ಇಟ್ಟುಕೊಂಡು ಒಳಗೆ ಬಂದ. ಮುಷ್ಟಿ ತುಂಬ ಅಕ್ಕಿ ಹಾಕಿದ, ಅರ್ಧ ನೆಲದ ಮೇಲೆ ಬಿತ್ತು. ಆಮೇಲೆ ಹೊಲಿಗೆಯ ಮೇಲೆ ಕಣ್ಣಾಡಿಸಿ, “ಇದೇನತ್ಗೆ, ಅರ್ಧ ಎಡಸುತ್ತು ಬಂದದೆ?” ಎಂದ. ಬಂದ ಬುದ್ಧಿ ಹೋಗುವುದೆಲ್ಲಿ. ನಮ್ಮ ಹುಡುಗಿ ಎಡಗೈಯವಳು, ಅವಳ ಕೈ ಹಾಗೇ ಓಡುವುದು, ನಿನಗೇನು ಎಂದೆ. ಕಾಫಿ ಕೇಳಿ ಕುಡಿದ. ಎರಡು ಲೋಟ.

ಫೆಬ್ರವರಿ ೧೪, ಭಾನುವಾರ

ನಿದ್ದೆಯಿಲ್ಲ. ಕೂಸಿಗೆ ನನ್ನ ನಾಲಿಗೆಯೇ ಬಂದಿರಬೇಕು, ಸುಮ್ಮನಿರುವುದಿಲ್ಲ. ನಿದ್ದೆಯೇ ಇಲ್ಲದ ಮೇಲೆ ಕನಸು ಎಲ್ಲಿಂದ. ಹೊಳೆ ದಂಡೆಯವಳು ಬಂದು ಬಹಳ ದಿನವಾಯಿತು. ಅವಳ ಪಾತ್ರೆ ಬೆಳಗಿ ಮುಗಿದಿರಬೇಕು.

ಬೊಂತೆಯನ್ನು ಬೇಲಿ ಮೇಲೆ ಒಣಗಿಸಿದ್ದೇವೆ. ಕೂಸು ಒದ್ದೆ ಮಾಡಿ ಮಾಡಿ ನನ್ನ ಸೀರೆಯ ಕೆಂಪು ಬಿಟ್ಟು ಮಾಯಮ್ಮನ ಜೋಲಿಗೂ ಹತ್ತಿದೆ. ಇನ್ನು ಯಾವುದು ಯಾರದು ಎಂದು ಬಿಡಿಸುವುದು ಕಷ್ಟ.

ಮಧ್ಯಾಹ್ನ ಸುಸ್ತಾಗಿ ಚಾಪೆ ಮೇಲೆ ಮಲಗಿದ್ದೆ. ಮಲ್ಲಿಗಮ್ಮ ಪೆಟ್ಟಿಗೆ ತೆಗೆದು ಉಳಿದ ಚಿಂದಿ ಆರಿಸುತ್ತಿದ್ದಳು. ಕತ್ತರಿಸಿ ಉಳಿದ ನನ್ನ ಸೀರೆಯನ್ನು ಮಡಿಸಿ ಒಂದು ಕಡೆ ಇಟ್ಟಳು, ಅದರ ಸುತ್ತ ತನ್ನದೊಂದು ಸೀರೆ, ಪುಟ್ಟರಾಜುವಿನ ಅಂಗಿ, ಕೂಸಿನ ಮೊದಲ ಅರಿವೆ. ಸೂಜಿಗೆ ದಾರ ಪೋಣಿಸಿದಳು. ಅಂಚಿನಿಂದ ಎಡಕ್ಕೆ ಮೊದಲ ಸಾಲು ಹಾಕಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಎಡಸುತ್ತು ಯಾರಿಗೆ ಹೊಲಿಯುವುದು ಎಂದು ಅವಳಿಗೆ ಹೇಳಿಕೊಟ್ಟವಳೇ ನಾನು.

ಆಮೇಲೆ ಮೆಲ್ಲಗೆ ಬಂದು, ನಾನು ಮಲಗಿದ್ದೇನೆ ಎಂದುಕೊಂಡು, ತಲೆಯಿಂದ ಶುರುಮಾಡಿ ಗೇಣು ಹಾಕಿ ನನ್ನನ್ನು ಅಳೆಯತೊಡಗಿದಳು. ಕೈ ಬೆಚ್ಚಗಿತ್ತು. ಕಣ್ಣು ಬಿಡಲಿಲ್ಲ ನಾನು. ಮೊಣಕಾಲು ನೋವಿಗೆ ಮಡಚಿಕೊಂಡಿದ್ದೆ, ಅಳತೆ ಗಿಡ್ಡವಾದೀತು ಎಂದು ಕಾಲು ನೀಡಿದೆ.